ಕ್ಲಿನಿಕ್‌ನ ಕಂಪ್ಯೂಟರ್ ದಾಖಲೆ: ಖರ್ಚಿನ ಲೆಕ್ಕ ಎಲ್ಲಿ ತಪ್ಪುತ್ತದೆ?

ಬೆಂಗಳೂರಿನ ಮಲ್ಲತ್ತಹಳ್ಳಿಯಂಥ ಬಡಾವಣೆಯಲ್ಲಿ ಒಬ್ಬರೇ ವೈದ್ಯರಿರುವ ಕ್ಲಿನಿಕ್‌ಗೆ ಎಂಥವರೆಲ್ಲ ಬರುತ್ತಾರೆ ನೋಡಿ. ಡಾ. ಅಂಬೇಡ್ಕರ್ ತಾಂತ್ರಿಕ ಕಾಲೇಜು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಓದುತ್ತ ಪಿಜಿ ವಸತಿಯಲ್ಲಿರುವ ಹುಡುಗರ ಕೈಯಲ್ಲಿ ಹಳೆಯ ಚೀಟಿ ಇರುವುದಿಲ್ಲ. ವರ್ಷಗಟ್ಟಲೆಯಿಂದ ಶುಗರ್, ಬಿಪಿ ಇರುವ ಹಿರಿಯರು ರಿಪೋರ್ಟ್ ತುಂಬಿದ ಕವರ್ ಹಿಡಿದೇ ಬರುತ್ತಾರೆ. ಇಬ್ಬರಿಗೂ ಕಂಪ್ಯೂಟರ್ ದಾಖಲೆಯಿಂದ ಅನುಕೂಲವಿದೆ. ಅದಕ್ಕೆ ಹಣ ಎತ್ತಿಡುವಾಗಲೇ ಎಡವುವುದು ಹೆಚ್ಚು.

ತಪ್ಪು ಕಲ್ಪನೆ: ಸಾಫ್ಟ್‌ವೇರ್‌ನ ಬೆಲೆಯೇ ಒಟ್ಟು ಖರ್ಚು.

ವಾಸ್ತವ: ಕೊಟೇಷನ್‌ನಲ್ಲಿರುವ ಮೊತ್ತಕ್ಕೆ 18% ಜಿಎಸ್‌ಟಿ ಸೇರುತ್ತದೆ. ಅಂಗಡಿಯವರು ತಾವು ಕಟ್ಟಿದ ಜಿಎಸ್‌ಟಿಯನ್ನು ಮುಂದೆ ಕಟ್ಟುವ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ವೈದ್ಯರ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಕ್ಲಿನಿಕ್‌ಗೆ ಆ ದಾರಿ ಇಲ್ಲ. ಪೂರ್ತಿ ಕೈಯಿಂದಲೇ ಹೋಗುತ್ತದೆ. ಮೇಲೆ ಯುಪಿಎಸ್ ಬ್ಯಾಟರಿ, ಇಂಟರ್‌ನೆಟ್, ಎಸ್‌ಎಂಎಸ್, ಪ್ರತಿ ವರ್ಷದ ನವೀಕರಣ. ಹಾಗಾಗಿ ಮೊದಲ ವರ್ಷದ್ದಲ್ಲ, ಐದು ವರ್ಷದ ಲೆಕ್ಕ ಬರೆಯಬೇಕು.

ಇವೆಲ್ಲಕ್ಕಿಂತ ದೊಡ್ಡದು ವೈದ್ಯರ ಸಮಯ. ಅದಕ್ಕೆ ಬಿಲ್ ಬರುವುದಿಲ್ಲ, ಆದ್ದರಿಂದ ಯಾರೂ ಬರೆದಿಡುವುದಿಲ್ಲ. ಸಂಜೆ 6ರಿಂದ 9ರವರೆಗೆ 40 ಜನರನ್ನು ನೋಡುವವರಿಗೆ ತಲಾ 2 ನಿಮಿಷ ಟೈಪಿಂಗ್ ಹೆಚ್ಚಾದರೆ 80 ನಿಮಿಷ ಹೋಯಿತು. ಒಂದೋ ಬಾಗಿಲು ಹಾಕುವುದು ತಡವಾಗುತ್ತದೆ, ಇಲ್ಲವೇ ರೋಗಿಯ ಮುಖ ನೋಡಿ ಮಾತಾಡುವುದು ಕಡಿಮೆಯಾಗುತ್ತದೆ. ಎರಡನೆಯದು ನನ್ನ ದೃಷ್ಟಿಯಲ್ಲಿ ಒಪ್ಪತಕ್ಕ ಬೆಲೆಯಲ್ಲ. ತೂಕ, ಬಿಪಿ, ಅಲರ್ಜಿಗಳನ್ನು ಮೊದಲೇ ತುಂಬಿಡುವ ಸಹಾಯಕರ ಸಂಬಳ ಮತ್ತು ತರಬೇತಿಗೆ ಹಣ ಇಡಿ. ಶುರುವಿನ ವಾರಗಳಲ್ಲಿ ಆದಾಯ ತಗ್ಗುವುದನ್ನೂ ಖರ್ಚೆಂದೇ ಬರೆಯಿರಿ.

ತಪ್ಪು ಕಲ್ಪನೆ: ಸರ್ಕಾರ ಹಣ ಕೊಡುತ್ತದೆ.

ವಾಸ್ತವ: ಅಮೆರಿಕದಲ್ಲಿ 2009ರ ಹೈಟೆಕ್ ಕಾಯ್ದೆಯ ನಂತರ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಮೂಲಕ, ಕಂಪ್ಯೂಟರ್ ದಾಖಲೆ ಬಳಸಿದ್ದಕ್ಕೆ ಒಬ್ಬ ವೈದ್ಯರಿಗೆ 44,000 ಡಾಲರ್‌ವರೆಗೆ ಸಿಕ್ಕಿದ್ದುಂಟು. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾಯಿತು. ಇಲ್ಲಿಯ ಪ್ರೋತ್ಸಾಹಧನ ಖರೀದಿಗೆ ಕೊಡುವಂಥದ್ದಲ್ಲ. ಅದು ಸಿಗುವುದು ರೋಗಿಯ 14 ಅಂಕಿಯ ಆಭಾ (ಆರೋಗ್ಯ ಖಾತೆ) ಸಂಖ್ಯೆಗೆ ಜೋಡಿಸಿದ ದಾಖಲೆಗಳ ಎಣಿಕೆಯ ಮೇಲೆ, ಅದೂ ನಿಗದಿತ ಮಿತಿ ದಾಟಿದ ಮೇಲೆ. ಸಣ್ಣ ಕ್ಲಿನಿಕ್ ಅದನ್ನು ನಂಬಿ ಸಾಲ ಮಾಡಬಾರದು.

ತಪ್ಪು ಕಲ್ಪನೆ: ಹಳೆಯ ಫೈಲುಗಳನ್ನೆಲ್ಲ ಮೊದಲು ಸ್ಕ್ಯಾನ್ ಮಾಡಿಸಬೇಕು.

ವಾಸ್ತವ: ಬೇಕಿಲ್ಲ. ದೀರ್ಘಕಾಲದ ಕಾಯಿಲೆಯವರು ಮತ್ತೆ ಬಂದಾಗ ಅವರ ಮುಖ್ಯ ವಿವರ ಮಾತ್ರ ಏರಿಸಿದರೆ ಸಾಕು. ಹಳೆಯ ಕಡತಗಳು ಬೀರುವಿನಲ್ಲೇ ಇರಲಿ.

ತಪ್ಪು ಕಲ್ಪನೆ: ಮಾಹಿತಿಯ ಹೊಣೆ ಸಾಫ್ಟ್‌ವೇರ್ ಕಂಪನಿಯದು.

ವಾಸ್ತವ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊಣೆ ಹೊರಿಸುವುದು ಮಾಹಿತಿ ಸಂಗ್ರಹಿಸುವವರ ಮೇಲೆ, ಅಂದರೆ ಕ್ಲಿನಿಕ್ ಮೇಲೆ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಬ್ಯಾಕಪ್ ಖರ್ಚು ಬಜೆಟ್‌ನಲ್ಲಿ ಇರಲೇಬೇಕು. ಮುಂದೆ ಬೇರೆ ಸಾಫ್ಟ್‌ವೇರ್‌ಗೆ ಹೋಗುವ ವೆಚ್ಚವೂ ಇರಬೇಕು. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕಂಪನಿ ಮುಚ್ಚಿತೆಂಬ ಸಬೂಬು ಅಲ್ಲಿ ನಡೆಯದು. ಮುಂಗಡ ಕೊಡುವ ಮುನ್ನ ಪರೀಕ್ಷೆಗೆಂದು ಹತ್ತು ಕಾಲ್ಪನಿಕ ರೋಗಿಗಳ ವಿವರ ತುಂಬಿಸಿ, ಅಷ್ಟನ್ನೂ ಹೊರತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ತೋರಿಸಲು ಕಂಪನಿಯವರಿಗೆ ಹೇಳಿ.