ಪಿಎಲ್‌ಸಿಗೆ ದಾರಿ ಬರೆದುಕೊಡುವುದು

ಬಿಇಎಂಎಲ್‌ನ ಬೆಂಗಳೂರು ಕಾರ್ಖಾನೆಗೆ ಕಾಗದ ಹಾಕುವವರು ‘ಹೊಸ ತಿಪ್ಪಸಂದ್ರ ಅಂಚೆ, 560075’ ಎಂದು ಬರೆದರೆ ಸಾಕು. ದಾರಿ ಹುಡುಕುವ ಕೆಲಸ ಅಂಚೆಯವರದು. ಯಂತ್ರಗಳನ್ನು ನಡೆಸುವ ಪಿಎಲ್‌ಸಿಗಳಿಗೆ ಈ ಸೌಕರ್ಯವಿಲ್ಲ. ಒಂದು ಶೆಡ್ಡಿನ ಪಿಎಲ್‌ಸಿ ಇನ್ನೊಂದರಿಂದ ಉತ್ಪಾದನೆಯ ಲೆಕ್ಕ ತರಿಸಿಕೊಳ್ಳಬೇಕಾದರೆ ಪ್ರತಿ ತಿರುವನ್ನೂ ಕೇಳುವವರೇ ಬರೆದುಕೊಡಬೇಕು.

ಅಲೆನ್-ಬ್ರಾಡ್ಲಿಯ ಕಂಟ್ರೋಲ್‌ಲಾಜಿಕ್ಸ್‌ನಲ್ಲಿ ಇದಕ್ಕೆ ಎಂಎಸ್‌ಜಿ ಇನ್‌ಸ್ಟ್ರಕ್ಷನ್ ಇದೆ. ಅದರ ಪಾತ್ ಖಾನೆಯಲ್ಲಿ ‘1, 1, 2, 192.168.1.20, 1, 0’ ಎಂದಿದ್ದರೆ ಎರಡೆರಡಾಗಿ ಓದಿಕೊಳ್ಳಿ. 1, 1 ಎಂದರೆ ಬ್ಯಾಕ್‌ಪ್ಲೇನ್ ಹಿಡಿದು 1ನೇ ಸ್ಲಾಟಿನ ಈಥರ್ನೆಟ್ ಕಾರ್ಡಿಗೆ. ಮುಂದಿನ ಜೋಡಿ, ಕಾರ್ಡಿನ 2ನೇ ಪೋರ್ಟಿನಿಂದ ಹೊರಬಿದ್ದು ಆ ಐಪಿ ವಿಳಾಸಕ್ಕೆ. ಕೊನೆಯ 1, 0 ಅಲ್ಲಿನ ಬ್ಯಾಕ್‌ಪ್ಲೇನ್ ಮೂಲಕ 0 ಸ್ಲಾಟಿನಲ್ಲಿ ಕೂತಿರುವ ಸಿಪಿಯುಗೆ.

ಎರಡು ನೆಟ್‌ವರ್ಕ್ ದಾಟಬೇಕೇ? ನಡುವಿನ ರ‍್ಯಾಕಿನಲ್ಲಿ ಎರಡು ಈಥರ್ನೆಟ್ ಕಾರ್ಡುಗಳಿರಲಿ. ಎರಡನೆಯದು 2ನೇ ಸ್ಲಾಟಿನಲ್ಲಿದ್ದರೆ ಪಾತ್ ಹೀಗೆ ಬೆಳೆಯುತ್ತದೆ: ‘1, 1, 2, 192.168.1.20, 1, 2, 2, 10.10.1.5, 1, 0’. ಆ ರ‍್ಯಾಕಿನಲ್ಲಿ ಸಿಪಿಯು ಇರಲೇಬೇಕೆಂದಿಲ್ಲ. ಕಾರ್ಡುಗಳೇ ಸಂದೇಶ ದಾಟಿಸುತ್ತವೆ. ಎಷ್ಟೋ ಜನ ಇಲ್ಲಿ ಸುಮ್ಮನೆ ಒಂದು ಸಿಪಿಯು ಕೊಂಡು ಕೂರಿಸುತ್ತಾರೆ. ಹಳೆಯ ಡಿಎಚ್‌ಪ್ಲಸ್ ಕೇಬಲ್ಲು ನಡುವೆ ಬಂದರೆ ನೋಡ್ ಸಂಖ್ಯೆ ಆಕ್ಟಲ್ ಎಂಬುದು ನೆನಪಿರಲಿ: ಅಲ್ಲಿ 7ರ ಮುಂದಿನದು 10.

ದಾರಿ ಸರಿಯಿದ್ದೂ ಸಂದೇಶ ತಿರುಗಿ ಬಂದರೆ ಟ್ಯಾಗುಗಳನ್ನು ನೋಡಿ. ಓದುವಾಗ ಸೋರ್ಸ್ ಆಚೆಯ ಪಿಎಲ್‌ಸಿಯ ಟ್ಯಾಗ್, ಡೆಸ್ಟಿನೇಶನ್ ನಮ್ಮದು, ಬರೆಯುವಾಗ ಅದಲುಬದಲು. ಎರಡೂ ಕಡೆ ಡೇಟಾ ಟೈಪ್ ಒಂದೇ ಆಗಿರಬೇಕು. ಆಚೆಯ ಟ್ಯಾಗಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ದೋಷ ತೋರಿಸುವ ಇಆರ್ ಬಿಟ್ ಹೊತ್ತಿಕೊಳ್ಳುತ್ತದೆ.

ಲ್ಯಾಡರಿನ ರಂಗ್ ಸುಳ್ಳಿನಿಂದ ಸತ್ಯಕ್ಕೆ ತಿರುಗಿದಾಗ ಮಾತ್ರ ಎಂಎಸ್‌ಜಿ ಹೊರಡುತ್ತದೆ. ರಂಗ್ ಸದಾ ಸತ್ಯವಾಗಿದ್ದರೆ ಒಮ್ಮೆ ಹೋಗಿ ನಿಲ್ಲುತ್ತದೆ. ಅದಕ್ಕೇ ಟೈಮರ್ ಕೊಡಿ; ಸೆಕೆಂಡಿಗೊಮ್ಮೆ ಸಾಕು ಎನ್ನುವ ಮಾಹಿತಿಯನ್ನು ಸ್ಕ್ಯಾನಿಗೊಮ್ಮೆ ಕೇಳಿ ನೆಟ್‌ವರ್ಕ್ ತುಂಬಿಸಬೇಡಿ. ಪದೇ ಪದೇ ಹೋಗುವ ಸಂದೇಶಗಳಿಗೆ ‘ಕ್ಯಾಶ್ ಕನೆಕ್ಷನ್ಸ್’ ಟಿಕ್ ಮಾಡಿದರೆ ಪ್ರತಿಸಲ ಸಂಪರ್ಕ ಕಟ್ಟಿ ಮುರಿಯುವ ಶ್ರಮ ತಪ್ಪುತ್ತದೆ. ಅಪರೂಪಕ್ಕೆ ಹೋಗುವುದಕ್ಕೆ ಬೇಡ. ಕ್ಯಾಶಿನಲ್ಲಿ ಜಾಗ ಕಡಿಮೆ.

ಹೆಚ್ಚಿನವರು ಡಿಎನ್ ಬಿಟ್ ಬಂದ ಕೂಡಲೇ ನಿರಾಳವಾಗುತ್ತಾರೆ. ಓದು ಮುಗಿಯಿತು ಎಂಬುದಷ್ಟೇ ಅದರ ಅರ್ಥ. ಓದಿದ ಅಂಕಿ ತಾಜಾ ಎಂದಲ್ಲ. ಆಚೆಯ ಪಿಎಲ್‌ಸಿ ಪ್ರೋಗ್ರಾಂ ಮೋಡಿನಲ್ಲಿ ನಿಂತಿದ್ದರೂ ಹಳೆಯ ಅಂಕಿಯನ್ನೇ ಸಂತೋಷವಾಗಿ ಕೊಡುತ್ತದೆ. ಹಾಗಾಗಿ ಅಲ್ಲೊಂದು ಏರುತ್ತಲೇ ಇರುವ ಕೌಂಟರ್ ಇಟ್ಟು, ಅದನ್ನೂ ಜೊತೆಗೆ ಓದಿ. ಕೌಂಟರ್ ನಿಂತರೆ ಅಲಾರಂ ಬರಲಿ.

ರೆಸಿಪಿ, ಶಿಫ್ಟಿನ ಲೆಕ್ಕ, ದೋಷದ ಕೋಡು ಇವಕ್ಕೆಲ್ಲ ಎಂಎಸ್‌ಜಿ ಚೆನ್ನ. ಎಮರ್ಜೆನ್ಸಿ ಸ್ಟಾಪನ್ನು ಮಾತ್ರ ಇದರ ಮೇಲೆ ಹಾಕಲೇಬೇಡಿ; ಅದಕ್ಕೆ ತಂತಿ ಎಳೆಯಿರಿ, ಇಲ್ಲವೇ ಸೇಫ್ಟಿ ಪಿಎಲ್‌ಸಿ ಬಳಸಿ.