ಡ್ರೋನ್ ತೂಕ ಕೇಳಿದ್ರೆ ಟ್ಯಾಂಕ್ ತುಂಬಿಸಿ ಹೇಳಬೇಕು

ಇವತ್ತಿನ ಸಂಚಿಕೆ ಔಷಧಿ ಹೊಡೆಯೋ ಡ್ರೋನ್ ಬಗ್ಗೆ, ಅದರಲ್ಲೂ ಅದರ ತೂಕದ ಬಗ್ಗೆ. ನಂಜನಗೂಡಿನ ಬಾಳೆ ತೋಟ ಇರಲಿ, ಟಿ. ನರಸೀಪುರದ ಭತ್ತದ ಗದ್ದೆ ಇರಲಿ, ಡ್ರೋನ್ ಬಾಡಿಗೆಗೆ ಕರೆಸುವಾಗ ನಾವು ಮೊದಲು ಕೇಳೋದು ಎಕರೆಗೆ ಎಷ್ಟು ಅಂತ. ತೂಕ ಎಷ್ಟು ಅಂತ ಕೇಳೋರು ಕಡಿಮೆ. ಆದರೆ ಕಾನೂನು ಶುರುವಾಗೋದೇ ತೂಕದಿಂದ.

2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳ ಪ್ರಕಾರ ಐದು ವರ್ಗಗಳಿವೆ. 250 ಗ್ರಾಂವರೆಗೆ ನ್ಯಾನೋ. ಅಲ್ಲಿಂದ 2 ಕೆಜಿವರೆಗೆ ಮೈಕ್ರೋ, 25 ಕೆಜಿವರೆಗೆ ಸ್ಮಾಲ್, 150 ಕೆಜಿವರೆಗೆ ಮೀಡಿಯಂ. ಅದಕ್ಕೂ ಮೇಲೆ ಲಾರ್ಜ್.

ನಾನು ಬಿ.ಕಾಂ. ಓದಿದವನು, ಹಾಗಾಗಿ ನನ್ನ ಭಾಷೆಯಲ್ಲೇ ಹೇಳ್ತೀನಿ. ಇಲ್ಲಿ ಲೆಕ್ಕಕ್ಕೆ ಬರೋದು ನೆಟ್ ತೂಕ ಅಲ್ಲ, ಗ್ರಾಸ್ ತೂಕ. ಬ್ಯಾಟರಿ, ಟ್ಯಾಂಕ್, ಟ್ಯಾಂಕ್‌ನಲ್ಲಿರೋ ಔಷಧಿ ನೀರು ಎಲ್ಲಾ ಸೇರಿಸಿ ಹಾರುವಾಗ ಗರಿಷ್ಠ ಎಷ್ಟಾಗುತ್ತೋ ಅದು. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ. ಬ್ಯಾಟರಿ ಸಮೇತ 14 ಕೆಜಿ ಇರೋ ಡ್ರೋನ್‌ಗೆ 10 ಲೀಟರ್ ತುಂಬಿಸಿದ್ರೆ 24 ಕೆಜಿ, ಅಂದ್ರೆ ಸ್ಮಾಲ್. ಖಾಲಿ ತೂಕ 16 ಕೆಜಿ ಇದ್ದು, ಅಷ್ಟೇ ನೀರು ಹಾಕಿದ್ರೆ 26 ಕೆಜಿ. ಅದು ಮೀಡಿಯಂ ಆಗಿಬಿಡುತ್ತೆ.

ಎರಡು ಕೆಜಿಯಿಂದ ಏನಾಗುತ್ತೆ ಅಂತೀರಾ? ಡ್ರೋನ್ ಹಾರಿಸೋರ ರಿಮೋಟ್ ಪೈಲಟ್ ಸರ್ಟಿಫಿಕೇಟ್‌ನಲ್ಲಿ ಯಾವ ವರ್ಗ ಅಂತ ಬರೆದಿರುತ್ತೆ. ಸ್ಮಾಲ್ ವರ್ಗದ ಸರ್ಟಿಫಿಕೇಟ್ ಇಟ್ಕೊಂಡು ಮೀಡಿಯಂ ಹಾರಿಸೋ ಹಾಗಿಲ್ಲ. ನ್ಯಾನೋ ಬಿಟ್ಟು ಉಳಿದ ಡ್ರೋನ್‌ಗಳಿಗೆ ಬೈಕ್, ಕಾರಿಗೆ ಇರೋ ಹಾಗೆ ಥರ್ಡ್ ಪಾರ್ಟಿ ವಿಮೆ ಬೇಕು. ನಾಳೆ ಅದು ಪಕ್ಕದ ಜಮೀನಿನಲ್ಲಿ ಕಳೆ ಕೀಳ್ತಿರೋರ ಮೇಲೆ ಬಿದ್ದರೆ, ದಾಖಲೆ ಒಂದು ವರ್ಗದ್ದು, ಹಾರಿದ್ದು ಇನ್ನೊಂದು ವರ್ಗದ್ದು ಅಂತಾದರೆ, ಪರಿಹಾರದ ಮಾತು ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು.

ತೂಕಕ್ಕೆ ಇಷ್ಟು ಬೆಲೆ ಯಾಕೆ? 25 ಕೆಜಿ ಅಂದ್ರೆ ಅರ್ಧ ಮೂಟೆ ಸಿಮೆಂಟ್. 30 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟೋ ಹೊತ್ತಿಗೆ ಅದರ ವೇಗ ಗಂಟೆಗೆ 80 ಕಿಮೀ ದಾಟಬಹುದು. ಅದೇ ವೇಗದಲ್ಲಿ ಬೀಳೋ 250 ಗ್ರಾಂ ಡ್ರೋನ್‌ಗಿಂತ ಇದರ ಹೊಡೆತ ನೂರು ಪಟ್ಟು.

ತೂಕ ಆಯ್ತು, ಈಗ ಜಾಗ. ಮೈಸೂರು ವಿಮಾನ ನಿಲ್ದಾಣ ಇರೋ ಮಂಡಕಳ್ಳಿ ನಂಜನಗೂಡು ರಸ್ತೆಯಲ್ಲೇ ಇದೆ. ನಿಲ್ದಾಣದ ಗಡಿಯಿಂದ 8ರಿಂದ 12 ಕಿಮೀ ಒಳಗೆ ಹಸಿರು ವಲಯದ ಮಿತಿ 200 ಅಡಿ. ಅದರಾಚೆ, ಬೇರೆ ನಿರ್ಬಂಧ ಇಲ್ಲದ ಕಡೆ, 400 ಅಡಿ. ನಂಜನಗೂಡು ಪಟ್ಟಣ ನೇರ ಅಳತೆಯಲ್ಲಿ ಈ 12 ಕಿಮೀ ಗೆರೆಯ ಆಸುಪಾಸಿನಲ್ಲೇ ಬರುತ್ತೆ. ಟಿ. ನರಸೀಪುರ 25 ಕಿಮೀಗೂ ದೂರ. ಔಷಧಿ ಹೊಡೆಯೋ ಡ್ರೋನ್ ಬೆಳೆ ಮೇಲೆ ಕೆಲವೇ ಮೀಟರ್ ಎತ್ತರದಲ್ಲಿ ಹಾರೋದ್ರಿಂದ ಈ ಎರಡೂ ಕಡೆ ಎತ್ತರದ ತಕರಾರು ಕಡಿಮೆ. ಆದರೆ ಕಡಕೊಳದ ಕಡೆ, ನಿಲ್ದಾಣದ ಮಗ್ಗುಲಲ್ಲೇ ಜಮೀನು ಇರೋರು ಸರ್ಕಾರದ ಆನ್‌ಲೈನ್ ವಾಯುಪ್ರದೇಶ ನಕ್ಷೆ ನೋಡದೆ, ಅನುಮತಿ ಇಲ್ಲದೆ ಹಾರಿಸಲೇಬಾರದು.

ಜಾತ್ರೆ ವಿಡಿಯೋ ತೆಗೆಯೋ ಗೆಳೆಯರಿಗೂ ಒಂದು ಮಾತು. ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಒಂದು ಜಾಗವನ್ನ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಅಂತ ಘೋಷಿಸಬಹುದು. ಶ್ರೀಕಂಠೇಶ್ವರನ ದೊಡ್ಡ ತೇರು, ತಿರುಮಕೂಡಲಿನ ಕುಂಭಮೇಳದಂಥ ದಿನಗಳಲ್ಲಿ ನಿನ್ನೆ ಹಸಿರಿದ್ದ ಜಾಗ ಇವತ್ತೂ ಹಸಿರೇ ಇರುತ್ತೆ ಅಂತ ನಂಬಬೇಡಿ. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೂ ಹೋಗಬಹುದು.

ಹಾಗಾಗಿ ಡ್ರೋನ್ ಗದ್ದೆಗೆ ಇಳಿಯೋ ಮುಂಚೆ ಮೂರು ವಿಷಯ ಕೇಳಿ. ಟ್ಯಾಂಕ್ ತುಂಬಿದಾಗ ತೂಕ ಎಷ್ಟು? ಪೈಲಟ್ ಸರ್ಟಿಫಿಕೇಟ್ ಅದೇ ವರ್ಗದ್ದಾ? ವಿಮೆ ಚಾಲ್ತಿಯಲ್ಲಿದೆಯಾ? ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಡ್ರೋನ್ ತಗೊಳ್ಳೋ ಸ್ವಸಹಾಯ ಸಂಘದ ಅಕ್ಕಂದಿರು ಈ ಮೂರೂ ಕಾಗದದ ಜೆರಾಕ್ಸ್ ಡ್ರೋನ್ ಪೆಟ್ಟಿಗೆಯಲ್ಲೇ ಇಟ್ಕೊಂಡಿರಿ. ಕೇಳಿದ ರೈತರಿಗೆ ತೋರಿಸೋಕೂ ಸುಲಭ.