ಹಗೆಯ ಹೆಸರು: ಗದಾಯುದ್ಧದಿಂದ ಜಪಾನಿನ ಯುದ್ಧಚಿತ್ರಗಳವರೆಗೆ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂದಿತೆಂದರೆ ಕುರುಕ್ಷೇತ್ರ ನಾಟಕದ ಭಿತ್ತಿಪತ್ರಗಳು ಗೋಡೆಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಕಳ್ಳಂಬೆಳ್ಳದ ಸುತ್ತಿನ ಊರುಗಳೂ ಇದಕ್ಕೆ ಹೊರತಲ್ಲ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಬೇಸಾಯಗಾರರು, ಅಂಗಡಿಯವರು, ಉಪಾಧ್ಯಾಯರು ತಮ್ಮ ಕೈಯಿಂದ ಹಣ ತೆತ್ತು ಪಾತ್ರ ಹಿಡಿಯುತ್ತಾರೆ. ಧರ್ಮರಾಯನಾಗಲು ಮುಂದೆ ಬರುವವರಿಗಿಂತ ದುರ್ಯೋಧನನಾಗಲು, ಕರ್ಣನಾಗಲು ಮುಂದೆ ಬರುವವರ ಉತ್ಸಾಹವೇ ಹೆಚ್ಚೆಂಬುದು ಇಂಥ ನಾಟಕಗಳನ್ನು ಕಂಡವರಿಗೆಲ್ಲ ತಿಳಿದ ಸಂಗತಿ. ಧರ್ಮಪಕ್ಷಕ್ಕೆ ವಿರೋಧಿಯಾದವನ ಕಿರೀಟವನ್ನು ಹಣ ಕೊಟ್ಟು ಧರಿಸಿ, ಇಡೀ ರಾತ್ರಿ ಅವನ ಕಂಠದಿಂದಲೇ ಮಾತನಾಡಬೇಕೆಂಬ ಈ ಆಸೆಯು ಎಲ್ಲಿಂದ ಬಂತು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದೇ ಹಳ್ಳಿಗಳ ಮಕ್ಕಳು ಇಂದು ಕೈಫೋನಿನಲ್ಲಿ ಜಪಾನ್ ದೇಶದ ಚಲಿಸುವ ಚಿತ್ರಕಥೆಗಳನ್ನು ನೋಡುತ್ತಿದ್ದಾರೆ. ಅನಿಮೆ ಎಂದು ಅವುಗಳಿಗೆ ಹೆಸರು. ಹಿರಿಯರ ದೃಷ್ಟಿಯಲ್ಲಿ ಅವೆಲ್ಲ ಗೊಂಬೆಚಿತ್ರಗಳು, ಹೊತ್ತುಗಳೆಯುವ ಸಾಧನಗಳು. ಹೊಡೆದಾಟದ ಚಿತ್ರಗಳಂತೂ ಮಕ್ಕಳ ಮನಸ್ಸನ್ನು ಕೆಡಿಸುತ್ತವೆಂಬ ಆತಂಕವೂ ಉಂಟು. ಆತಂಕವು ನಿರಾಧಾರವೆಂದು ಹೇಳಲಾಗದು. ಆದರೆ ಆ ಚಿತ್ರಗಳಲ್ಲಿ ಶ್ರೇಷ್ಠವಾದ ಕೆಲವು ಹಿಡಿದಿರುವ ವಸ್ತುವನ್ನು ತಿಳಿದರೆ, ಕುರುಕ್ಷೇತ್ರದ ದುರ್ಯೋಧನನಿಗೂ ಅವುಗಳಿಗೂ ಇರುವ ನಂಟು ಗೋಚರಿಸೀತು. ಅವು ಕೇಳುವ ಪ್ರಶ್ನೆ ಒಂದೇ: ಎದುರು ನಿಂತವನನ್ನು ಮನುಷ್ಯನಲ್ಲವೆಂದು ಜನರು ನಂಬುವುದು ಹೇಗೆ, ಆ ನಂಬಿಕೆ ಕಳಚುವುದು ಹೇಗೆ?

ಜಪಾನಿನಲ್ಲಿ ಈ ಕಲೆಯು ಮೊದಲು ಆ ನಂಬಿಕೆಯನ್ನು ಬಿತ್ತುವುದಕ್ಕೇ ಬಳಕೆಯಾಯಿತು. ಮೊಮೊತಾರೊ ಎಂಬವನು ಆ ನಾಡಿನ ಅಜ್ಜಿಕಥೆಯ ಬಾಲವೀರ. ನಾಯಿ, ಕೋತಿ, ಹಕ್ಕಿಗಳನ್ನು ಕೂಡಿಕೊಂಡು ರಾಕ್ಷಸರ ದ್ವೀಪಕ್ಕೆ ಹೋಗಿ ಅವರನ್ನು ಜಯಿಸಿ ಬಂದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ, ಸೆಯೋ ಮಿತ್ಸುಯೊ ಎಂಬ ನಿರ್ದೇಶಕನು ಈ ಕಥೆಯನ್ನೆತ್ತಿಕೊಂಡು ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆಯನ್ನೇ ರಾಕ್ಷಸದ್ವೀಪವನ್ನಾಗಿ ಚಿತ್ರಿಸಿದನು. ೧೯೪೫ರಲ್ಲಿ ನೌಕಾಪಡೆಯ ಆಶ್ರಯದಲ್ಲಿ ಅವನೇ ತಯಾರಿಸಿದ ಇನ್ನೊಂದು ಚಿತ್ರವು ಜಪಾನಿನ ಮೊದಲ ಪೂರ್ಣಪ್ರಮಾಣದ ಅನಿಮೆ ಎನಿಸಿತು. ಅದರಲ್ಲಿ ಶತ್ರುಸೈನಿಕರ ತಲೆಯ ಮೇಲೆ ಕೊಂಬು ಮೂಡಿದೆ. ಕೊಂಬಿದ್ದವನನ್ನು ಕೊಂದರೆ ಮಗುವಿಗೆ ಸಂಕಟವಾಗದು. ನಮ್ಮ ಮೂಡಲಪಾಯದ ರಾಕ್ಷಸ ವೇಷಕ್ಕೂ ಕೋರೆಹಲ್ಲುಗಳುಂಟು. ಆದ್ದರಿಂದ ಈ ಉಪಾಯವು ಅನ್ಯದೇಶದವರಿಗೆ ಮಾತ್ರ ಸಂಬಂಧಿಸಿದುದೆಂದು ಬಗೆಯಬೇಕಾಗಿಲ್ಲ.

ಸೋತ ಮೇಲೆ ಆ ದೇಶದ ಕಲಾವಿದರ ದೃಷ್ಟಿ ಬದಲಾಯಿತು. ನಕಾಜಾವಾ ಕೇಜಿ ಹಿರೋಷಿಮಾದಲ್ಲಿ ೧೯೩೯ರಲ್ಲಿ ಹುಟ್ಟಿ, ಆರರ ವಯಸ್ಸಿನಲ್ಲಿ ಅಣುಬಾಂಬಿಗೆ ಸಿಕ್ಕಿ ಬದುಕುಳಿದವರು. ೧೯೭೩ರಿಂದ ಅವರು ಬರೆದ ‘ಬರಿಗಾಲ ಗೆನ್’ ಎಂಬ ಚಿತ್ರಕಥೆಯು ೧೯೮೩ರಲ್ಲಿ ಅನಿಮೆಯಾಗಿಯೂ ಬಂದಿತು. ಅದರ ಬಾಲಕನ ತಂದೆ ಯುದ್ಧವನ್ನು ವಿರೋಧಿಸಿದ ಕಾರಣ ನೆರೆಹೊರೆಯವರಿಂದ ದೇಶದ್ರೋಹಿ ಎನಿಸಿಕೊಳ್ಳುತ್ತಾನೆ. ಆ ಮನೆಯವರೊಡನೆ ಸ್ನೇಹದಿಂದಿರುವವನು ಪಾಕ್ ಎಂಬ ಕೊರಿಯಾದವನು. ಅವನ ಜನಕ್ಕೆ ಆ ಊರಿನಲ್ಲಿ ದೊರೆಯುವುದು ಹೀನಾಯದ ಮಾತುಗಳೇ. ಬಾಂಬು ಬಿದ್ದ ದಿನ ಹಿರೋಷಿಮಾದಲ್ಲಿ ಸಾವಿರಾರು ಮಂದಿ ಕೊರಿಯನರಿದ್ದರೆಂಬುದು ಇತಿಹಾಸ. ತನ್ನ ಜನರು ಉಂಡ ನೋವನ್ನು ಹೇಳುವಾಗ ತನ್ನ ಜನರು ಕೊಟ್ಟ ನೋವನ್ನೂ ಬಚ್ಚಿಡದಿರುವುದು ಈ ಕೃತಿಯ ಹಿರಿಮೆ. ತಕಾಹಾತ ಇಸಾವೊ ಅವರ ‘ಮಿಂಚುಹುಳುಗಳ ಸಮಾಧಿ’ (೧೯೮೮) ಜಗತ್ತಿನಲ್ಲಿ ಇದಕ್ಕಿಂತ ಹೆಚ್ಚು ಹೆಸರು ಪಡೆದಿದೆ. ಕೋಬೆ ನಗರದ ಮೇಲೆ ಬಾಂಬು ಬಿದ್ದ ಮೇಲೆ ತಬ್ಬಲಿಗಳಾದ ಅಣ್ಣತಂಗಿಯರು ಹಸಿವಿನಿಂದ ಸಾಯುವ ಕಥೆಯದು. ಕಣ್ಣೀರಿಲ್ಲದೆ ನೋಡುವುದು ಕಷ್ಟ. ಆದರೂ ಚೀನಾ, ಕೊರಿಯಾಗಳಲ್ಲಿ ಜಪಾನಿನ ಸೇನೆಯಿಂದ ಅನಾಥರಾದ ಮಕ್ಕಳ ಸುಳಿವು ಅದರಲ್ಲಿಲ್ಲ. ತೂಗಿ ನೋಡಿದರೆ ಬರಿಗಾಲ ಗೆನ್‌ನ ತೂಕವೇ ಹೆಚ್ಚು.

ಇತ್ತೀಚಿನ ಕೃತಿಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಈ ವಿಷಯವನ್ನು ಎತ್ತಿಕೊಂಡುದು ‘ಎಯ್ಟಿ ಸಿಕ್ಸ್’, ಅಂದರೆ ಎಂಬತ್ತಾರು. ಅಸಾತೊ ಅಸಾತೊ ಎಂಬ ಲೇಖಕಿಯ ೨೦೧೭ರ ಕಾದಂಬರಿಯಿಂದ ಮೂಡಿ ೨೦೨೧-೨೨ರಲ್ಲಿ ೨೩ ಕಂತುಗಳಲ್ಲಿ ಪ್ರಸಾರವಾಯಿತು. ಅದರಲ್ಲಿ ಒಂದು ಕಲ್ಪಿತ ಗಣರಾಜ್ಯವಿದೆ. ನೆರೆಯ ಸಾಮ್ರಾಜ್ಯವು ಕಟ್ಟಿದ ಯಂತ್ರಸೈನ್ಯದೊಡನೆ ಅದು ಹೋರಾಡುತ್ತಿದೆ. ತನ್ನ ಕಡೆಯಲ್ಲೂ ಆಳಿಲ್ಲದ ಯಂತ್ರಗಳೇ ಕಾದುತ್ತಿವೆ, ಆದ್ದರಿಂದ ಇಂದಿನ ಕಾಳಗದಲ್ಲೂ ಸತ್ತವರು ಯಾರೂ ಇಲ್ಲ ಎಂದು ಅದು ನಿತ್ಯವೂ ಪ್ರಚಾರ ಮಾಡುತ್ತದೆ. ವಾಸ್ತವವಾಗಿ ಆ ಯಂತ್ರಗಳೊಳಗೆ ಹದಿಹರೆಯದ ಹುಡುಗರೂ ಹುಡುಗಿಯರೂ ಕುಳಿತಿರುತ್ತಾರೆ. ಬೆಳ್ಳಿಗೂದಲಿನ ಕುಲದವರನ್ನುಳಿದು ಮಿಕ್ಕ ವರ್ಣದವರೆಲ್ಲರ ಪೌರತ್ವವನ್ನು ಕಿತ್ತುಕೊಂಡು, ಕೋಟೆಗೋಡೆಯ ಆಚೆಗೆ ಅಟ್ಟಲಾಗಿದೆ. ರಾಜ್ಯದಲ್ಲಿರುವುದು ೮೫ ವಲಯಗಳು. ಇವರು ಇಲ್ಲದ ೮೬ನೆಯ ವಲಯದವರು. ಮನುಷ್ಯರ ಲೆಕ್ಕದಲ್ಲಿ ಸೇರದವರು ಸತ್ತರೆ ಸತ್ತವರ ಲೆಕ್ಕದಲ್ಲಿಯೂ ಸೇರುವುದಿಲ್ಲ. ಪ್ರಚಾರವು ಸುಳ್ಳಾಡಬೇಕಾದ ಅಗತ್ಯವೇ ಬೀಳುವುದಿಲ್ಲ. ಅಮಾನವೀಕರಣವೆಂಬ ದೊಡ್ಡ ಪದದ ಅರ್ಥವನ್ನು ಇಷ್ಟು ಸರಳವಾಗಿ ತಿಳಿಯಹೇಳಿದ ಬೇರೆ ಉದಾಹರಣೆ ಸಿಗುವುದು ವಿರಳ.

ಕಥೆಯ ತಿರುಳು ಮುಂದಿದೆ. ಲೆನಾ ಎಂಬ ಬೆಳ್ಳಿಗೂದಲಿನ ತರುಣಿ ಗೋಡೆಯೊಳಗಿನಿಂದಲೇ ಇವರ ತುಕಡಿಯನ್ನು ನಡೆಸುವ ಅಧಿಕಾರಿ. ಅವಳು ಕ್ರೂರಿಯಲ್ಲ. ಈ ಅನ್ಯಾಯ ಸಲ್ಲದೆಂದು ಮೇಲಧಿಕಾರಿಗಳೊಡನೆ ವಾದಿಸುತ್ತಾಳೆ, ತುಕಡಿಯವರೊಡನೆ ಪ್ರತಿದಿನ ಸೌಜನ್ಯದಿಂದ ಮಾತನಾಡುತ್ತಾಳೆ. ಒಂದು ಕಾಳಗದಲ್ಲಿ ತುಕಡಿಯ ಹುಡುಗಿಯೊಬ್ಬಳು ಸತ್ತಾಗ ಲೆನಾ ಮರುಗುತ್ತಾಳೆ. ಆಗ ಅತ್ತ ಕಡೆಯಿಂದ ಒಬ್ಬ ಹುಡುಗ ಸಿಡಿದೇಳುತ್ತಾನೆ: ಇಷ್ಟು ದಿನ ಮಾತನಾಡಿಸಿದ ನೀನು ನಮ್ಮಲ್ಲಿ ಒಬ್ಬರ ಹೆಸರನ್ನಾದರೂ ಕೇಳಿದ್ದುಂಟೆ? ಲೆನಾಳಿಗೆ ಉತ್ತರವಿಲ್ಲ. ಅವಳಿಗೆ ತಿಳಿದಿದ್ದುದು ರಣರಂಗದ ಸಂಕೇತನಾಮಗಳು ಮಾತ್ರ. ಇಲ್ಲಿ ಚಿತ್ರವು ಬೈಯುತ್ತಿರುವುದು ದುಷ್ಟರನ್ನಲ್ಲ, ದಯಾಳುವನ್ನು. ದಯೆಯು ಎತ್ತರದಲ್ಲಿ ನಿಂತು ಕೈ ನೀಡುತ್ತದೆ. ನೀಡಿದ ತೃಪ್ತಿ ನೀಡಿದವರಿಗೇ ಉಳಿಯುತ್ತದೆ. ದಾನಧರ್ಮದಿಂದ ನಡೆಯುವ ಸಂಸ್ಥೆಗಳಿಗೂ, ನೂರಾರು ಮಕ್ಕಳನ್ನು ಕ್ರಮಾಂಕದಿಂದ ಗುರುತಿಸುವ ತರಗತಿಗಳಿಗೂ ಈ ದೃಶ್ಯವು ಕೊಂಚ ಚುಚ್ಚದೆ ಇರಲಾರದು. ಲೆನಾ ಅನಂತರ ಒಬ್ಬೊಬ್ಬರ ನಿಜನಾಮವನ್ನೂ ಕೇಳುತ್ತಾಳೆ. ಕಥೆ ಅಲ್ಲಿಂದ ಬೇರೆ ದಾರಿ ಹಿಡಿಯುತ್ತದೆ.

ಆ ತುಕಡಿಯ ನಾಯಕ ಶಿನ್ ಎಂಬವನು ಸತ್ತ ಸಂಗಾತಿಗಳ ಯಂತ್ರದ ಒಂದೊಂದು ತಗಡಿನ ಚೂರಿನ ಮೇಲೆ ಅವರವರ ಹೆಸರನ್ನು ಕೊರೆದು ಜೊತೆಯಲ್ಲೇ ಒಯ್ಯುತ್ತಾನೆ. ಗೋರಿ ಕಟ್ಟಲು ಅವರಿಗೆ ಅನುಮತಿಯಿಲ್ಲ. ಈ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರ ಹೊರಗೆ, ಕೆರೆಯ ಏರಿಯ ಮೇಲೆ, ಹಾಳು ಗುಡಿಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳು ಮಾಡಿರುವ ಕೆಲಸವೂ ಅದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ನಿಕೆಯರು, ಮೇಲೆ ದೇವಸಾನ್ನಿಧ್ಯ. ತುರು ಕಾಯಲು ಹೋಗಿ ಮಡಿದ ಸಾಮಾನ್ಯನಿಗೂ ಕಲ್ಲು ನಿಂತಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. ೯೫೦ರ ಸುಮಾರಿನ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನು ಉಳಿಸಿಕೊಟ್ಟಿದೆ. ನಾಯಿಗೆ ಹೆಸರಿಟ್ಟು ಕಲ್ಲು ನಿಲ್ಲಿಸಿದ ಕಾಲವೊಂದು; ಮಕ್ಕಳನ್ನು ಕಳುಹಿಸಿ ಸತ್ತವರಾರೂ ಇಲ್ಲವೆನ್ನುವ ರಾಜ್ಯವೊಂದು!

ಆದರೆ ವೀರಗಲ್ಲು ನೆನೆಯುವುದು ತನ್ನ ಕಡೆಯವನನ್ನು. ಎದುರು ಪಕ್ಷದವನ ಹೆಸರು ಹಿಡಿದು ಅಳುವುದು ಇನ್ನೂ ಕಠಿನ. ಲೋಕದ ಸಾಹಿತ್ಯದಲ್ಲಿ ಇದಕ್ಕೆ ಅತಿ ಹಳೆಯ ಸಾಕ್ಷಿಗಳಲ್ಲೊಂದು ಕನ್ನಡಕ್ಕೆ ಬಂದುದು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರೊಬ್ಬರ ಕೈಯಿಂದ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ೧೮೮೪ರಲ್ಲಿ ಜನಿಸಿದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ೧೯೩೫ರಲ್ಲಿ ‘ಪಾರಸಿಕರು’ ಎಂಬ ನಾಟಕವನ್ನು ಹೊರತಂದರು. ಅದರ ಮೂಲ ಗ್ರೀಕ್ ಕವಿ ಈಸ್ಕಿಲಸನದು, ಕ್ರಿ.ಪೂ. ೪೭೨ರಲ್ಲಿ ಅಥೆನ್ಸಿನಲ್ಲಿ ಪ್ರಯೋಗಗೊಂಡುದು. ಅದಕ್ಕೆ ಎಂಟು ವರ್ಷ ಮೊದಲು ಪರ್ಷಿಯನ್ನರು ಅಥೆನ್ಸನ್ನು ಸುಟ್ಟಿದ್ದರು. ಸಾಲಮಿಸ್ ಕದನದಲ್ಲಿ ಗ್ರೀಕರು ಅವರನ್ನು ಸೋಲಿಸಿದ್ದರು. ಕವಿಯೇ ಪರ್ಷಿಯನ್ನರ ಎದುರು ಆಯುಧ ಹಿಡಿದು ಕಾದಿದವನು. ಅಂಥವನು ತನ್ನ ಊರಿನವರ ಮುಂದೆ ಇಟ್ಟುದು ಗೆಲವಿನ ಉತ್ಸವವನ್ನಲ್ಲ. ಪರ್ಷಿಯಾದ ಅರಮನೆಯಲ್ಲಿ ಮಗನ ಸುದ್ದಿಗೆ ಕಾದಿರುವ ರಾಜಮಾತೆಯನ್ನು, ದೂತನು ಸತ್ತ ದಳಪತಿಗಳ ಹೆಸರನ್ನು ಒಂದೊಂದಾಗಿ ಹೇಳುವುದನ್ನು ತೋರಿಸಿದನು. ನಾಟಕದಲ್ಲಿ ಗ್ರೀಕನೊಬ್ಬನ ಹೆಸರೂ ಬರುವುದಿಲ್ಲ. ಹೆಸರುಳ್ಳವರೆಲ್ಲ ಶತ್ರುಗಳೇ. ಮನೆ ಸುಟ್ಟವರ ತಾಯಂದಿರ ದುಃಖವನ್ನು ಮನೆ ಕಳೆದುಕೊಂಡವರು ಕುಳಿತು ಕೇಳಿದರು.

ಶ್ರೀಕಂಠಯ್ಯನವರಿಗೆ ಈ ಅಭಿರುಚಿ ಗ್ರೀಸಿನಿಂದಲೇ ಬಂದುದೆಂದು ತಿಳಿಯುವುದು ತಪ್ಪಾದೀತು. ಅದಕ್ಕೆ ಒಂಬತ್ತು ವರ್ಷ ಮೊದಲು, ೧೯೨೬ರಲ್ಲಿ, ಅವರು ರನ್ನಕವಿಯ ಗದಾಯುದ್ಧವನ್ನು ರುದ್ರನಾಟಕವಾಗಿ ಅಳವಡಿಸಿದ್ದರು. ಮುಧೋಳದ ಬಳೆಗಾರರ ಮನೆತನದ ರನ್ನನು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಚಾಲುಕ್ಯರ ಆಶ್ರಯದಲ್ಲಿ ಬರೆದ ಕಾವ್ಯವಿದು. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹೊಗಳುವುದು ಅದರ ಉದ್ದೇಶ. ಆದುದರಿಂದ ದುರ್ಯೋಧನನನ್ನು ಹೀನಗೊಳಿಸಲು ಕವಿಗೆ ಸಕಲ ಕಾರಣಗಳೂ ಇದ್ದುವು. ಅವನು ಹಾಗೆ ಮಾಡಲಿಲ್ಲ. ಸೋತ ಅರಸನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಮಗನಾದ ಲಕ್ಷಣಕುಮಾರ, ಒಬ್ಬೊಬ್ಬರ ಮುಂದೆಯೂ ದುರ್ಯೋಧನನು ನಿಲ್ಲುತ್ತಾನೆ. ಅವನು ಪಾಂಡವರ ಮಗ ಅಭಿಮನ್ಯುವಿನ ಕಳೇಬರದ ಮುಂದೆಯೂ ನಿಲ್ಲುತ್ತಾನೆಂಬುದೇ ಆ ಭಾಗದ ಶಿಖರ. ಲಕ್ಷಣಕುಮಾರನನ್ನು ಕೊಂದವನು ಇದೇ ಅಭಿಮನ್ಯು. ಅವನನ್ನು ಕೊಲ್ಲಿಸಿದವರು ದುರ್ಯೋಧನನ ಕಡೆಯವರು. ಆದರೂ ದುರ್ಯೋಧನನು ಆ ಬಾಲಕನಿಗೆ ಕೈಮುಗಿದು, ಅವನ ಶೌರ್ಯವನ್ನು ಕೊಂಡಾಡಿ, ಅಂಥ ಮರಣವು ತನಗೂ ಬರಲೆಂದು ಬೇಡುತ್ತಾನೆ.

ಈ ದೃಶ್ಯವನ್ನು ಓದಿದವರು ‘ಅಟ್ಯಾಕ್ ಆನ್ ಟೈಟನ್’ ಎಂಬ ಅನಿಮೆಯ ಒಂದು ಪ್ರಸಂಗವನ್ನು ಹೋಲಿಸಿ ನೋಡಬಹುದು. ಇಸಾಯಾಮಾ ಹಾಜಿಮೆ ೨೦೦೯ರಿಂದ ೨೦೨೧ರವರೆಗೆ ಬರೆದ ಚಿತ್ರಕಥೆಯಿಂದ ಇದು ೨೦೧೩ರಿಂದ ೨೦೨೩ರವರೆಗೆ ಭಾಗಭಾಗವಾಗಿ ಬಂದಿತು. ಮೊದಲಿಗೆ ಮನುಷ್ಯರನ್ನು ತಿನ್ನುವ ದೈತ್ಯರ ಕಥೆ; ಬರಬರುತ್ತ ಆ ದೈತ್ಯರೂ ಒಮ್ಮೆ ಮನುಷ್ಯರಾಗಿದ್ದವರೆಂದು ತಿಳಿಯುತ್ತದೆ. ಕೊನೆಯ ಭಾಗದಲ್ಲಿ ಕ್ಯಾಮೆರಾ ಸಮುದ್ರ ದಾಟಿ ಶತ್ರುವಿನ ಊರಿಗೆ ಹೋಗುತ್ತದೆ. ಅಲ್ಲಿ ಗಾಬಿ ಎಂಬ ಹುಡುಗಿಗೆ ದ್ವೀಪದವರೆಲ್ಲ ಪಿಶಾಚಿಗಳೆಂದು ಶಾಲೆಯಲ್ಲೇ ಕಲಿಸಿದ್ದಾರೆ. ಅವಳು ಯುದ್ಧದಲ್ಲಿ ದ್ವೀಪದ ಸಾಶಾ ಎಂಬವಳನ್ನು ಕೊಂದು, ಅನಂತರ ತಪ್ಪಿಸಿಕೊಂಡು ಬಂದು, ಅರಿಯದೆ ಸಾಶಾಳ ತಂದೆತಾಯಿಗಳ ಮನೆಯಲ್ಲೇ ಅನ್ನ ಉಣ್ಣುತ್ತಾಳೆ. ಪಿಶಾಚಿಗಳು ತನಗೆ ಬಡಿಸುತ್ತಿರುವುದೇಕೆಂದು ಅವಳಿಗೆ ತಿಳಿಯದು. ನಿಜ ಹೊರಬಿದ್ದಾಗ, ಅವಳನ್ನು ಕೊಲ್ಲುವ ಅವಕಾಶ ಕೈಗೆ ಬಂದರೂ, ಬೇಟೆಗಾರನಾದ ಆ ತಂದೆ ಹಿಂದೆಗೆಯುತ್ತಾನೆ. ಕೊಲ್ಲುವ ಕಾಡಿನಿಂದ ಮಕ್ಕಳನ್ನಾದರೂ ಹೊರಗಿರಿಸುವ ಹೊಣೆ ಹಿರಿಯರದು ಎಂಬುದು ಅವನ ಮಾತಿನ ಭಾವ. ಮಗನನ್ನು ಕೊಂದವನ ಮುಂದೆ ಕೈಮುಗಿದ ಕುರುಪತಿ, ಮಗಳನ್ನು ಕೊಂದವಳ ಮುಂದೆ ಕತ್ತಿ ಇಳಿಸಿದ ಬೇಟೆಗಾರ: ಸಾವಿರ ವರ್ಷಗಳ ಅಂತರ, ಸಾವಿರಾರು ಮೈಲಿಗಳ ದೂರ, ಸಂದರ್ಭ ಒಂದೇ.

ಬರೆದ ಚಿತ್ರಕ್ಕೆ ಈ ಶಕ್ತಿ ಎಲ್ಲಿಂದ ಬಂತೆಂಬುದಕ್ಕೆ ಒಂದು ಮಾತು. ಚಲಚ್ಚಿತ್ರದಲ್ಲಿ ಸೆಕೆಂಡಿಗೆ ೨೪ ಚೌಕಟ್ಟುಗಳು ಓಡುತ್ತವೆ. ದೂರದರ್ಶನದ ಅನಿಮೆಯಲ್ಲಿ ಖರ್ಚು ಉಳಿಸಲು ಸೆಕೆಂಡಿಗೆ ಹನ್ನೆರಡೋ ಎಂಟೋ ಚಿತ್ರಗಳನ್ನು ಬರೆದು, ಅನೇಕ ವೇಳೆ ಒಂದೇ ಮುಖವನ್ನು ನಿಶ್ಚಲವಾಗಿ ನಿಲ್ಲಿಸುತ್ತಾರೆ. ಭಾವವನ್ನು ಹೊರುವುದು ಕಂಠ. ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಇದು ಹೊಸದಲ್ಲ: ಪರದೆಯ ಹಿಂದೆ ಗೊಂಬೆ ನಿಂತಿರುತ್ತದೆ, ಮುಂದಿನವರು ಅಳುತ್ತಿರುತ್ತಾರೆ.

ಒಂದು ಅಪಾಯವನ್ನು ಮಾತ್ರ ಬಿಟ್ಟು ಹೋಗಲಾಗದು. ಅಟ್ಯಾಕ್ ಆನ್ ಟೈಟನ್‌ನ ನಾಯಕ ಎರೆನ್ ಬಾಲ್ಯದಲ್ಲಿ ತಾಯಿಯನ್ನು ಕಣ್ಣೆದುರೇ ಕಳೆದುಕೊಂಡವನು. ನೋಡುಗರು ವರ್ಷಗಟ್ಟಲೆ ಅವನ ನೋವಿನೊಡನೆ ನಡೆದಿರುತ್ತಾರೆ. ಕೊನೆಗೆ ಅವನು ತನ್ನ ದ್ವೀಪವನ್ನು ಉಳಿಸುವ ನೆಪದಲ್ಲಿ ಹೊರಜಗತ್ತಿನ ಬಹುಪಾಲು ಜನರನ್ನು ತುಳಿಸಿ ಕೊಲ್ಲುತ್ತಾನೆ. ಆಗಲೂ ಅವನೇ ಸರಿಯೆಂದು ವಾದಿಸುವ ತರುಣರು ಅನೇಕರಿದ್ದಾರೆ. ಒಬ್ಬನ ದುಃಖವನ್ನು ಅರಿತುದರಿಂದ ಅವನ ಕೃತ್ಯಕ್ಕೆ ಒಪ್ಪಿಗೆ ಕೊಟ್ಟಂತಾಗುವುದಿಲ್ಲವೆಂಬ ವಿವೇಕವನ್ನು ಪರದೆಯು ತಾನಾಗಿ ಕಲಿಸದು. ಅಲ್ಲಿ ಉಪಾಧ್ಯಾಯರು ಬೇಕು.

ಈ ವಿಷಯದಲ್ಲಿ ರನ್ನನು ಅನುಸರಿಸಿದ ಕ್ರಮವು ಗಮನಾರ್ಹ. ಅವನು ದುರ್ಯೋಧನನ ವಿಲಾಪದಿಂದ ಕಾವ್ಯವನ್ನು ಆರಂಭಿಸಲಿಲ್ಲ. ಅದಕ್ಕೆ ಮುನ್ನವೇ ದ್ರೌಪದಿಯನ್ನು ಭೀಮನ ಎದುರು ತಂದು ನಿಲ್ಲಿಸಿ, ತುಂಬಿದ ಸಭೆಯಲ್ಲಿ ಎಳೆಯಲ್ಪಟ್ಟ, ಅಂದಿನಿಂದ ಕಟ್ಟದೆ ಬಿಟ್ಟಿರುವ ಅವಳ ಮುಡಿಯನ್ನು ಓದುಗರಿಗೆ ತೋರಿಸಿದನು. ಆಮೇಲಷ್ಟೇ ಕುರುಪತಿಯೊಡನೆ ಅಳಲು ಅವರನ್ನು ರಣಭೂಮಿಗೆ ಕರೆದೊಯ್ದನು. ತರಗತಿಗಳಲ್ಲಿ ವಿಲಾಪದ ಪದ್ಯಗಳನ್ನು ಓದಿಸುವವರು ಆ ಮೊದಲ ಭಾಗವನ್ನೂ ಜೊತೆಗೆ ಓದಿಸುವುದು ಉಚಿತ.